ಪುಟ್ಟಿಗೆ, ಆ ಒಂದೇ ಆಲ್ಬಮ್ಮಿನ ವಿಷಯ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ನನ್ನ ಮಂಡಿನೋವು, ನಿಮ್ಮ ದೊಡ್ಡಪ್ಪನ ಹಟ ಎರಡೂ ನಿನಗೆ ಗೊತ್ತಿರುವುದೇ, ಬಿಡು. ಮೂರು ಪುಟದಲ್ಲಿ ಎರಡೂಮುಕ್ಕಾಲು ಪುಟವನ್ನು ನಗುತ್ತಲೇ ಓದಿದೆ. ಹಾಡುವವರಲ್ಲಿ ಯಾರು ಓವರ್‌ರೇಟೆಡ್, ಅಂದರೆ ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡವರು, ಯಾರು ಅಲ್ಲ ಅಂತ ರಾತ್ರಿ ಎರಡರವರೆಗೆ ಕಿತ್ತಾಡಿದ್ದೀರಲ್ಲ, ನಮ್ಮ ಕಾಲದ ಜಗಳವೇ ವೇಷ ಬದಲಿಸಿಕೊಂಡು ಬಂದಂತಿತ್ತು. ಆಮೇಲೆ ಸಹಿಯ ಮೇಲೆ ಸಣ್ಣಕ್ಷರದಲ್ಲಿ ಬರೆದ ಆ ಸಾಲು. "ಜಗಳದ ಮಾರನೇ ದಿನ ಮತ್ತೆ ನನ್ನಿಷ್ಟದ ಆ ಆಲ್ಬಮ್ಮನ್ನೇ ಹಾಕಿದೆ ದೊಡ್ಡಮ್ಮ. ಗಿಟಾರ್ ಕೇಳಿಸಲಿಲ್ಲ, ಅವರ ಮಾತೇ ಕೇಳಿಸಿತು. ಇನ್ನು ಯಾವಾಗಲೂ ಹೀಗೇ ಆಗಿಬಿಟ್ಟರೆ?"

ನನ್ನ ನಗು ಅಲ್ಲಿಗೆ ನಿಂತಿತು. ನಾಲ್ಕು ದಿನದಿಂದ ಆ ಸಾಲನ್ನೇ ತಿರುವಿಹಾಕುತ್ತಿದ್ದೇನೆ. ಆಗಲ್ಲ ಅಂತ ಒಂದು ಮಾತು ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಹಾಗೆ ಬರೆಯಲು ನನಗೆ ಧೈರ್ಯ ಬರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ, ಹೇಳುವಷ್ಟು ಧೈರ್ಯ ಆಗಲೂ ಉಳಿದಿದ್ದರೆ.

ಮೊದಲು ಸುಲಭದ್ದು. ಪಿಂಕ್ ಫ್ಲಾಯ್ಡ್ ರಾಕ್ ತಂಡದ್ದು ಒಂದೇ ಆಲ್ಬಮ್ ಇಷ್ಟ ಅಂದರೆ ನಿನಗೆ ಪಿಂಕ್ ಫ್ಲಾಯ್ಡ್ ಗೊತ್ತೇ ಇಲ್ಲ ಅಂದನಂತೆ ನಿಮ್ಮ ಜಗಳದಲ್ಲಿದ್ದ ಆ ಹುಡುಗ. ಅಸಲಿ ಫ್ಲಾಯ್ಡ್ ಬೇಕಾದರೆ ಮೊದಲನೇ ಆಲ್ಬಮ್ ಕೇಳು ಅಂದನಂತೆ. ಅದು 1967ರದ್ದು, ಹಾಡುಗಳಲ್ಲಿ ಮುಕ್ಕಾಲು ಪಾಲು ಆಗಿನ ಗಿಟಾರಿನವ ಸಿಡ್ ಬ್ಯಾರೆಟ್ ಬರೆದವು. ಮಾರನೇ ವರ್ಷವೇ ಸಿಡ್ ತಂಡದಲ್ಲಿ ಇರಲಿಲ್ಲ, ಗಿಟಾರಿಗೆ ಡೇವಿಡ್ ಗಿಲ್ಮೋರ್ ಬಂದಾಗಿತ್ತು. ನಿನ್ನ 'ವಿಶ್ ಯು ವರ್ ಹಿಯರ್' 1975ರದ್ದು. ಅಂದರೆ ನಿನಗೆ ಕೇಳಿಸದೆ ಹೋಯಿತು ಅಂತ ಅತ್ತೆಯಲ್ಲ, ಆ ಗಿಟಾರಿನ ಕೈ ಮೊದಲ ಆಲ್ಬಮ್ಮಿನಲ್ಲಿ ಇಲ್ಲವೇ ಇಲ್ಲ. ಬೋರ್ಡು ಅದೇ, ಒಳಗಿನವರು ಬೇರೆ. ಒಂದು ಕಾಲದವರು ಹಿಡಿಸಿ ಇನ್ನೊಂದು ಕಾಲದವರು ಹಿಡಿಸದಿದ್ದರೆ ಯಾರ ಗಂಟು ಹೋಯಿತು?

ಇನ್ನೂ ಒಂದಿದೆ. ಗಿಲ್ಮೋರ್‌ಗೂ, ಕೀಬೋರ್ಡಿನ ರಿಚರ್ಡ್ ರೈಟ್‌ಗೂ ತಮ್ಮ ಆಲ್ಬಮ್‌ಗಳಲ್ಲೆಲ್ಲ ಹೆಚ್ಚು ಪ್ರಿಯವಾದದ್ದು ನಿನ್ನದೇ ಆಲ್ಬಮ್. ಇಬ್ಬರೂ ಬಾಯಿಬಿಟ್ಟು ಹೇಳಿದ್ದಾರೆ. 1970ರಲ್ಲಿ ತಾವೇ ಮಾಡಿದ, ಹಸುವಿನ ಚಿತ್ರದ ಆ ಆಲ್ಬಮ್ಮನ್ನು ಗಿಲ್ಮೋರ್ ಆಮೇಲೆ ಕಸ ಅಂದುಬಿಟ್ಟ. ಮಾಡಿದವರಿಗೇ ಎಲ್ಲವೂ ಒಂದೇ ತೂಕವಲ್ಲ ಅಂದಮೇಲೆ ಕೇಳುವವಳಿಗೆ ಯಾಕಿರಬೇಕು? ಆ ಹುಡುಗನಿಗೆ ಇದನ್ನು ಹೇಳಬೇಡ ಮಾತ್ರ. ಹೇಳಿದರೆ ಇನ್ನೊಂದು ರಾತ್ರಿ ಎರಡು ಗಂಟೆ.

ಆದರೆ ನಿನ್ನ ಭಯಕ್ಕೆ ಇದು ಉತ್ತರವಲ್ಲ, ನನಗೂ ಗೊತ್ತು. ವಾದದಲ್ಲಿ ನೀನು ಗೆದ್ದಿದ್ದರೂ ಮಾರನೇ ದಿನ ಗಿಟಾರ್ ಕೇಳಿಸುತ್ತಿರಲಿಲ್ಲ. ಗೆದ್ದವರಿಗೂ ಕೇಳಿಸಲ್ಲ ಪುಟ್ಟಿ. ನಾನು ಗೆದ್ದವಳು, ನನ್ನನ್ನು ಕೇಳು.

ಕಾಲೇಜಿನಲ್ಲಿ ನಮ್ಮದೊಂದು ಗುಂಪಿತ್ತು. ಒಂದು ಟೇಪ್ ರೆಕಾರ್ಡರ್, ಐದು ಜನ, ತೀರ್ಪು ನನ್ನದು. ಯಾರನ್ನೂ ಬಿಟ್ಟವಳಲ್ಲ ನಾನು. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಡ್ರಮ್ ಬಾರಿಸುವುದಿಲ್ಲ, ಸುಮ್ಮನೆ ಕೂತು ತಟ್ಟುತ್ತಾನೆ ಅಂತ ಹತ್ತು ವರ್ಷ ಹೇಳಿಕೊಂಡು ತಿರುಗಿದೆ. ಎಲ್ಲೋ ಓದಿದ್ದ ಮಾತು ಅದು, ನನ್ನ ಕಿವಿಯದ್ದಲ್ಲ. ನಲವತ್ತು ದಾಟಿದ ಮೇಲೆ ಒಂದು ಒಳ್ಳೆಯ ಹೆಡ್‌ಫೋನ್ ಕೈಗೆ ಸಿಕ್ಕಿತು. ಆ ಮನುಷ್ಯ ಎಡಚ, ಬಲಗೈಯವರ ಡ್ರಮ್ ಜೋಡಣೆಯಲ್ಲಿ ಬಾರಿಸುತ್ತಿದ್ದ. ಅದಕ್ಕೇ ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಉರುಳುವಾಗ ಎಲ್ಲರಂತೆ ಉರುಳುವುದಿಲ್ಲ, ಎಲ್ಲೋ ಒಂದು ಕ್ಷಣ ಎಡವಿ ಸರಿಹೋದಂತೆ ಕೇಳುತ್ತದೆ. ಎಷ್ಟು ಚೆನ್ನಾಗಿದೆ ಗೊತ್ತಾ ಅದು! ಅಷ್ಟೂ ವರ್ಷ ನನ್ನ ಬಾಯಿ ನನ್ನ ಕಿವಿಯನ್ನು ಮುಚ್ಚಿತ್ತು.

ಆ ಓವರ್‌ರೇಟೆಡ್ ಅನ್ನುವ ಮಾತು ಕಂಡರೆ ಈಗ ನನಗೆ ಆಗುವುದಿಲ್ಲ. ಹಾಡಿದವನ ಹೆಸರು ಹಿಡಿದು ಅಂದರೂ ಪೆಟ್ಟು ಬೀಳುವುದು ಪಕ್ಕದಲ್ಲಿ ಕೂತು ಅದನ್ನು ಇಷ್ಟಪಟ್ಟವಳಿಗೆ. ಆ ರೇಟು ಕಟ್ಟುವವರನ್ನಾದರೂ ನೋಡು. ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ಐನೂರು ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಹಾಕಿತು, ಮೊದಲ ಸ್ಥಾನದಲ್ಲಿ ಬೀಟಲ್ಸ್‌ನವರ 'ಸಾರ್ಜೆಂಟ್ ಪೆಪ್ಪರ್'. 2020ರಲ್ಲಿ ಮತ್ತೆ ಹಾಕಿದಾಗ ಅದೇ ಆಲ್ಬಮ್ 24ಕ್ಕೆ ಇಳಿದಿತ್ತು, ಗಾಯಕ ಮಾರ್ವಿನ್ ಗೇ ಆಲ್ಬಮ್ ಮೊದಲ ಸ್ಥಾನಕ್ಕೆ ಬಂದಿತ್ತು. ಆ ಹದಿನೇಳು ವರ್ಷದಲ್ಲಿ ಎರಡು ಗಾನತಟ್ಟೆಗಳಲ್ಲೂ ಒಂದು ಸ್ವರ ಆಚೀಚೆ ಆಗಿಲ್ಲ. ಮಾರ್ವಿನ್ ಗೇ ಮೊದಲಿಂದಲೂ ನನಗೆ ಇಷ್ಟ, ಆದರೂ ಆ ಪಟ್ಟಿ ನೋಡಿ ಖುಷಿಪಟ್ಟೆ ಅನ್ನುವುದಕ್ಕೆ ಈಗ ನಾಚಿಕೆ.

ನೋಡು, ಎಲ್ಲಿಗೋ ಹೋದೆ. ಕೇಳಿಸದೆ ಹೋದರೆ ಅಂತ ನೀನು ಕೇಳಿದ್ದು. ಹೇಳಬೇಕಾದ್ದನ್ನು ಸುತ್ತಿ ಬಳಸುತ್ತಿದ್ದೇನೆ.

ನಿಮ್ಮಮ್ಮನ ಹತ್ತಿರ ಒಂದು ಕ್ಯಾಸೆಟ್ ಇತ್ತು. ನಾವಿಬ್ಬರೂ ಮಾತು ಬಿಟ್ಟ ಆ ದೊಡ್ಡ ಗಲಾಟೆ ನಿಮಗೆಲ್ಲ ಬಾಯಿಪಾಠ, ಅದನ್ನು ನಾನು ಇಲ್ಲಿ ಎತ್ತುವುದಿಲ್ಲ. ಇದು ಅದಕ್ಕೂ ಮುಂಚಿನದ್ದು, ಇದನ್ನು ಯಾರೂ ಹೇಳಿರಲಾರರು. ಫ್ಲೀಟ್‌ವುಡ್ ಮ್ಯಾಕ್ ಅನ್ನುವ ತಂಡದವರ 'ರೂಮರ್ಸ್' ಆಲ್ಬಮ್. ಯಾರದೋ ತಟ್ಟೆಯಿಂದ ತುಂಬಿಸಿಕೊಂಡ ನಕಲು. ಓದುವಾಗ ಹಾಕಿಕೊಳ್ಳುತ್ತಿದ್ದಳು, ತಲೆ ಬಾಚುವಾಗ ಹಾಕಿಕೊಳ್ಳುತ್ತಿದ್ದಳು. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತಿದ್ದವು. ನೀನು ನೋಡಿರಲಿಕ್ಕಿಲ್ಲ. ಅವನ್ನು ಮುರಿದುಬಿಟ್ಟರೆ ಆ ಟೇಪಿನ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ, ಒಳಗಿರುವುದು ಭದ್ರ. ಅವಳು ಪಿನ್ನಿನಿಂದ ಎರಡನ್ನೂ ಮುರಿದು ನನಗೆ ತಂದು ತೋರಿಸಿದ್ದಳು, ಇನ್ನು ಯಾರೂ ಇದನ್ನ ಅಳಿಸಕ್ಕಾಗಲ್ಲ ಅಕ್ಕ ಅಂತ.

ಒಂದು ಸಂಜೆ ನನ್ನ ಗುಂಪು ಬಂದಿತ್ತು. ಒಳಗಿನಿಂದ ಆ ಹಾಡು ಕೇಳುತ್ತಿತ್ತು. ನಾನೇ ಅವಳನ್ನು ಕರೆದು ನಡುವೆ ನಿಲ್ಲಿಸಿದೆ. ಅಷ್ಟು ಇಷ್ಟವಲ್ಲ ನಿನಗೆ, ಇವರದ್ದೇ ಇನ್ನೊಂದು ಆಲ್ಬಮ್ ಹೆಸರು ಹೇಳು ನೋಡೋಣ ಅಂದೆ. 'ರೂಮರ್ಸ್' ಅವರ ಹನ್ನೊಂದನೇ ಆಲ್ಬಮ್, ಹಿಂದೆ ಹತ್ತು ಬಂದಿದ್ದವು. ಅವಳಿಗೆ ಒಂದೂ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು. ನಾನು 1967ರಿಂದ ಶುರುಮಾಡಿದೆ, ಇದು ಮೂಲದಲ್ಲಿ ಬ್ಲೂಸ್ ತಂಡ, ಪೀಟರ್ ಗ್ರೀನ್ ಕಟ್ಟಿದ್ದು, ನಿನ್ನ ಹಾಡುಗಾರ್ತಿ ನಿನ್ನೆ ಮೊನ್ನೆ ಬಂದವಳು ಅಂತೆಲ್ಲ. ಎಲ್ಲವೂ ನಿಜವೇ. ಒಂದು ತಪ್ಪು ಇಸವಿ ಹೇಳಿರಲಿಲ್ಲ ನಾನು. ಅವಳೂ ನಮ್ಮ ಜೊತೆಗೇ ನಕ್ಕಳು, ಅದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ನಿಜವಾಗಿ ಅವಳು ಕೇಳುತ್ತಿದ್ದದ್ದು ಏನು ಅಂತ ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆ ಆಲ್ಬಮ್ ಮಾಡುವಾಗ ತಂಡದಲ್ಲೇ ಗಂಡಹೆಂಡತಿ ಒಂದು ಜೋಡಿ ಬೇರೆಯಾಗಿತ್ತು, ಪ್ರೇಮಿಗಳ ಇನ್ನೊಂದು ಜೋಡಿ ಮುರಿಯುತ್ತಿತ್ತು, ಡ್ರಮ್ಮಿನವನ ಸಂಸಾರವೂ ನೆಟ್ಟಗಿರಲಿಲ್ಲ. ಒಬ್ಬರ ಮೇಲೆ ಇನ್ನೊಬ್ಬರು ಹಾಡು ಬರೆದು, ಬೈಸಿಕೊಂಡವರೇ ಅದಕ್ಕೆ ನುಡಿಸಬೇಕಾಯಿತು. ಹಿಂದಿನ ಹತ್ತು ಆಲ್ಬಮ್‌ಗಳಲ್ಲಿ ಆ ಸ್ಥಿತಿ ಎಲ್ಲಿತ್ತು? ಅಂಥದ್ದು ಒಂದು ಸಲ ಆಗುತ್ತದೆ. ನಿಮ್ಮಮ್ಮ ಸರಿಯಾದದ್ದನ್ನೇ ಹಿಡಿದಿದ್ದಳು. ನನಗೆ ಇಸವಿ ಗೊತ್ತಿತ್ತು.

ಆ ವರ್ಷದ ಕೊನೆಗೆ ಏನೋ ಹುಡುಕುವಾಗ ಕ್ಯಾಸೆಟ್ ಸಿಕ್ಕಿತು. ಮುರಿದ ಆ ಎರಡು ತೂತಿನ ಮೇಲೆ ಅಂಟುಪಟ್ಟಿ ಹಚ್ಚಿತ್ತು. ಹಾಗೆ ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಹಾಕಿ ನೋಡಿದೆ. ಪರೀಕ್ಷೆಗೆ ಅಂತ ಅವಳೇ ಜೋರಾಗಿ ಓದಿಕೊಂಡ ಪಾಠ, ಎರಡೂ ಬದಿ, ಪೂರ್ತಿ. ಒಂದು ಕಡೆ ಎರಡು ಓದಿನ ನಡುವೆ ಅರ್ಧ ಸೆಕೆಂಡು ಹಾಡು ಉಳಿದಿತ್ತು. ಎರಡು ಸಲ ಹಿಂದೆ ಸುತ್ತಿ ಕೇಳಿದೆ, ಇದ್ದಲ್ಲೇ ಇಟ್ಟು ಬಂದೆ. ಅವಳಿಗೂ ನಿನ್ನ ಹಾಗೆ ಹಾಡಿನ ಬದಲು ನಮ್ಮ ನಗು ಕೇಳಿಸುತ್ತಿತ್ತೋ ಏನೋ. ಕೇಳಬಹುದಿತ್ತು. ಇವತ್ತಿನವರೆಗೂ ಕೇಳಿಲ್ಲ. ಅಮ್ಮನಿಗೆ ಸಂಗೀತ ಅಂದರೆ ತಲೆನೋವು ಅಂತ ನೀವೆಲ್ಲ ತಮಾಷೆ ಮಾಡುವಾಗ ನಾನು ಎದ್ದು ಒಳಗೆ ಹೋಗುತ್ತೇನಲ್ಲ, ನೀನು ಗಮನಿಸಿರಬಹುದು.

ಅದಕ್ಕೇ ನಿನಗೆ ಆಗಲ್ಲ ಬಿಡು ಅಂತ ಬರೆಯಲಾಗಲಿಲ್ಲ. ಆಗಿದ್ದನ್ನು ನೋಡಿದ್ದೇನೆ, ಮಾಡಿದವಳೂ ನಾನೇ.

ಆದರೆ ನಿನ್ನದು ಅಳಿಸಿಲ್ಲವಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಸ್ವಲ್ಪ ಲೆಕ್ಕಾಚಾರ ಮಾಡಿಯೇ ಹೇಳುತ್ತಿದ್ದೇನೆ. ನೀನು ಅದನ್ನು ಮತ್ತೆ ಹಾಕಿದೆ, ಕೇಳಿಸಲಿಲ್ಲ ಅಂತ ಅತ್ತೆ, ನನಗೆ ಬರೆದೆ. ನಿಮ್ಮಮ್ಮ ನಕ್ಕಳು.

ಈಗ ಏನು ಮಾಡಬೇಕು ಅಂದರೆ, ನನ್ನ ಹತ್ತಿರ ಮದ್ದು ಅಂತ ಏನೂ ಇಲ್ಲ. ಕೆಲವು ದಿನ ಹಾಕಬೇಡ. ಎಷ್ಟು ದಿನ ಅಂತ ಕೇಳಬೇಡ. ಕೇಳಿಸುತ್ತಾ ಇಲ್ಲವಾ ಅಂತ ದಿನಾ ಪರೀಕ್ಷೆ ಮಾಡಿದರೆ ಗಾಯದ ಪಟ್ಟಿ ಬಿಚ್ಚಿ ಬಿಚ್ಚಿ ನೋಡಿದಂತೆ. ಹಾಕುವಾಗ ಎದುರಿಗೆ ಕೂರಬೇಡ, ಪಕ್ಕದ ಕೋಣೆಯಲ್ಲಿ ಹಾಕಿ ನೀನು ಏನಾದರೂ ಕೆಲಸ ಮಾಡಿಕೊಂಡಿರು. ರಿಂಗೋ ವಿಷಯದಲ್ಲಿ ನಾನು ಸೋತದ್ದೂ ಬಟ್ಟೆ ಮಡಿಸುತ್ತಿರುವಾಗಲೇ. ಇಷ್ಟ ಯಾಕೆ ಅಂತ ಯಾರಿಗೂ ಕಾರಣ ಕೊಡಬೇಡ, ಕೊಟ್ಟ ಕಾರಣವನ್ನು ಅವರು ಸೋಲಿಸಿದರೆ ಹಾಡೇ ಸೋತಂತೆ ಅನ್ನಿಸುತ್ತದೆ. ಉಳಿದ ಆಲ್ಬಮ್‌ಗಳನ್ನು ಕೇಳಲೇಬೇಕು ಅಂತಿಲ್ಲ. ಕೇಳಿದರೂ ತಪ್ಪಿಲ್ಲ. ಆದರೆ ಒಂದನ್ನೇ ಕೇಳಿಕೊಂಡು ಮಿಕ್ಕದ್ದೆಲ್ಲ ಕಸ ಅನ್ನುವುದು ನನಗೆ ಹಿಡಿಸಲ್ಲ. ನೀನು ಹಾಗೆ ಅಂದೆಯೋ ಇಲ್ಲವೋ ಕಾಗದದಲ್ಲಿ ಸ್ಪಷ್ಟವಿಲ್ಲ. ಅಂದಿದ್ದರೆ ಆ ಹುಡುಗನ ಕೋಪಕ್ಕೂ ಒಂದು ಕಾರಣ ಇತ್ತು ಅಂತ ಇಟ್ಟುಕೋ.

ಇನ್ನೊಂದು ನೆನಪಾಯಿತು, ಉಪಯೋಗಕ್ಕೆ ಬರುತ್ತೋ ಇಲ್ಲವೋ. ನಿನ್ನ ಆಲ್ಬಮ್ಮಿನ ಮೊದಲ ಹಾಡು, ಸುಮಾರು ನಾಲ್ಕು ನಿಮಿಷ ಕಾಯಿಸಿ ಆಮೇಲೆ ಗಿಟಾರಿನ ಆ ನಾಲ್ಕು ಸ್ವರ ಬೀಳುತ್ತವಲ್ಲ, ಅದು ಸಿಡ್ ಬ್ಯಾರೆಟ್‌ನನ್ನು ನೆನೆದು ಮಾಡಿದ್ದು. 1975ರ ಜೂನ್‌ನಲ್ಲಿ ಆ ಕೆಲಸ ನಡೆಯುವಾಗಲೇ ಸಿಡ್ ಹೇಳದೆ ಕೇಳದೆ ಸ್ಟುಡಿಯೋಗೆ ಬಂದ. ದಪ್ಪಗಾಗಿದ್ದ, ತಲೆ, ಹುಬ್ಬು ಎಲ್ಲ ಬೋಳಿಸಿಕೊಂಡಿದ್ದ. ಹಳೆಯ ಗೆಳೆಯರಿಗೆ ತಕ್ಷಣ ಗುರುತೇ ಸಿಗಲಿಲ್ಲ. ಅವನಿಗೋಸ್ಕರವೇ ಹಾಡು ಮಾಡುತ್ತಾ ಕೂತವರಿಗೆ, ಅವನು ಅದೇ ಕೋಣೆಯಲ್ಲಿದ್ದರೂ! ನಿನಗೆ ಒಂದು ದಿನ ಗಿಟಾರಿನ ಗುರುತು ಸಿಗಲಿಲ್ಲ ಅಂದಾಗ ನನಗೆ ಇದೇ ನೆನಪಾದದ್ದು. ಆಮೇಲೆ ಗುರುತು ಹಿಡಿದರು, ಹಿಡಿದು ಅತ್ತರು ಅನ್ನುತ್ತಾರೆ.

ಈ ಕಾಗದ ನಿಮ್ಮಮ್ಮನಿಗೆ ತೋರಿಸಬೇಡ. ಅಥವಾ ಬೇಡ, ತೋರಿಸು. ನನಗೆ ಗೊತ್ತಾಗುತ್ತಿಲ್ಲ, ನೀನೇ ನೋಡಿಕೋ. 'ರೂಮರ್ಸ್' ತಟ್ಟೆ ಒಂದನ್ನು ಅವಳಿಗೆ ಅಂತ ತೆಗೆದಿಟ್ಟು ಆರು ವರ್ಷವಾಯಿತು, ಇನ್ನೂ ಅಲಮಾರಿನಲ್ಲೇ ಇದೆ.

ನಿನ್ನ
ದೊಡ್ಡಮ್ಮ

ಮರೆತಿದ್ದೆ. ನಿನ್ನ ಆಲ್ಬಮ್ಮಿನ ಮೂರನೇ ಹಾಡಿನಲ್ಲಿ ದನಿ ಬೇರೆ ಯಾರದೋ ಅನ್ನಿಸುತ್ತದೆ ಅಂದದ್ದಕ್ಕೆ ಎಲ್ಲರೂ ನಿನ್ನನ್ನು ಆಡಿಕೊಂಡರು ಅಂತ ಎರಡನೇ ಪುಟದಲ್ಲಿ ಬರೆದಿದ್ದೀಯ. ಬೇರೆಯವರದ್ದೇ ಕಣೇ. ರಾಯ್ ಹಾರ್ಪರ್ ಅಂತ, ತಂಡದವನೇ ಅಲ್ಲ. ಅದೇ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಪಕ್ಕದಲ್ಲಿ ತನ್ನ ಆಲ್ಬಮ್ ಮಾಡಿಕೊಳ್ಳುತ್ತಿದ್ದವನನ್ನು ಕರೆದು ಹಾಡಿಸಿದ್ದು. ಎಲ್ಲಾ ಆಲ್ಬಮ್ ಕೇಳಿದ ಆ ಹುಡುಗನಿಗೆ ಇದು ಗೊತ್ತಾಗಲಿಲ್ಲವಂತಾ?