ಮುಂದೆ ಬರೋರು ಬೈಕೋತಾರೆ ಅಂತ ಬರೆದಿದ್ದೆಯಲ್ಲ

ಪ್ರೀತಿಯ ಪುಟ್ಟೂ,

ನಿನ್ನ ಪತ್ರದಲ್ಲಿ ಬೇರೆಲ್ಲಾ ಓದಿ ಖುಷಿಯಾಯ್ತು, ಆದ್ರೆ ಕೊನೇಲಿ ಒಂದು ಸಾಲು ಸೇರಿಸಿದೀಯಲ್ಲ, "ಸ್ಪ್ರಿಂಟ್ ಅನ್ನೋ ಕೆಲಸದ ಕಂತು ಮುಗಿಸೋ ಅವಸರದಲ್ಲಿ ಕಟ್ತಿರೋ ಸಾಫ್ಟ್‌ವೇರನ್ನ ನಾಳೆ ಯಾರಾದ್ರೂ ತೆಗೆದು ನೋಡಿದ್ರೆ ನನ್ನ ಬೈಕೋತಾರೆ ದೊಡ್ಡಮ್ಮ" ಅಂತ, ಅದು ತಲೇಲೇ ಕೂತುಬಿಟ್ಟಿದೆ. ಉಳಿದಿದ್ದಕ್ಕೆ ಆಮೇಲೆ ಬರೀತೀನಿ.

ಹಾಗೆ ಬೈಕೊಂಡೋರಲ್ಲಿ ನಾನೂ ಒಬ್ಬಳು ಕಣೋ. ವೈಟುಕೆ, ಅಂದ್ರೆ 2000ನೇ ಇಸವಿ ಬಂದಾಗ ಕಂಪ್ಯೂಟರ್ ತಪ್ಪಬಾರದು ಅನ್ನೋ ಕೆಲಸ ನಡೀತಿದ್ದಾಗ ಹಗಲೂ ರಾತ್ರಿ ಹಳೇ ಕೋಬಾಲ್ ಭಾಷೆಯ ಪ್ರೋಗ್ರಾಂ ಕೆದಕ್ತಾ ಇದ್ವಿ, ಇಸವಿಗೆ ಬರೀ ಎರಡು ಅಂಕಿ ಇಟ್ಟಿದ್ರು, 99 ಆದ್ಮೇಲೆ 00 ಬಂದ್ರೆ ಅದು 1900ನೋ 2000ನೋ ಅಂತ ಪ್ರೋಗ್ರಾಂಗೆ ಗೊತ್ತಾಗಲ್ಲ, ಬರೆದೋರಿಗೆ ಇಷ್ಟೂ ತೋಚಲಿಲ್ವಾ ಅಂತ ಟೀಮೆಲ್ಲಾ ಗೊಣಗ್ತಿತ್ತು. ಆಮೇಲೆ ತಿಳೀತು, ಅವರ ಕಾಲದಲ್ಲಿ ತೂತು ಹೊಡೆದು ಡೇಟಾ ತುಂಬೋ ಒಂದು ಪಂಚ್ ಕಾರ್ಡಿಗೆ 80 ಕಾಲಮ್ಮು, ಅಂದ್ರೆ 80 ಅಕ್ಷರ ಅಷ್ಟೇ, ಮೆಮೊರಿ ವಿಪರೀತ ದುಬಾರಿ, ಎರಡು ಅಂಕಿ ಉಳಿಸೋದೇ ಆವತ್ತಿಗೆ ಸರಿಯಾದ ಲೆಕ್ಕಾಚಾರ. ಆ ಪ್ರೋಗ್ರಾಂಗಳು ಅಷ್ಟು ವರ್ಷ ಓಡ್ತಾವೆ ಅಂತ ಬಹಳ ಜನ ಅಂದ್ಕೊಂಡೇ ಇರ್ಲಿಲ್ಲ. ನನಗೆ ಇವತ್ತಿಗೂ ಬೇಜಾರಾಗೋದು ಅಂದ್ರೆ, ಅದನ್ನ ಬರೆದ ಹಿರಿಯರೊಬ್ಬರು ರಿಟೈರ್ ಆಗೋ ತನಕ ನಮ್ಮ ಮಹಡೀಲೇ ಕೂರ್ತಿದ್ರು, ಯಾಕೆ ಸಾರ್ ಹೀಗೆ ಮಾಡಿದ್ರಿ ಅಂತ ಹೋಗಿ ಕೇಳಬಹುದಿತ್ತು, ಯಾರೂ ಕೇಳ್ಲಿಲ್ಲ, ಅವರೂ ಎಲ್ಲೂ ಬರೆದಿಟ್ಟಿರ್ಲಿಲ್ಲ.

ಅದಕ್ಕೇ ನಿನ್ನ ಸಾಲು ಓದಿದಾಗ ಅವರ ಮುಖ ನೆನಪಾಯ್ತು. ಬೈಕೋತಾರಾ ಅಂದ್ರೆ, ಬೈಕೊಂಡ್ರೂ ಬೈಕೋಬಹುದು, ಇಲ್ಲ ಅಂತ ಸುಳ್ಳು ಹೇಳಲ್ಲ.

ಆದ್ರೆ ಸಣ್ಣ ಸಣ್ಣ ಕಂತಲ್ಲಿ ಸಾಫ್ಟ್‌ವೇರ್ ಕಟ್ಟೋ ಅಜೈಲ್ ಪದ್ಧತಿ ಅಂದ್ಮೇಲೆ ಡಿಸೈನ್‌ಗೆ ಟೈಮ್ ಇರಲ್ಲ ಅಂತ ನಿಮ್ಮ ಮ್ಯಾನೇಜರ್ ಅಂದಿದ್ದು ಮಾತ್ರ ನಂಬಬೇಡ. 2001ರಲ್ಲಿ 17 ಜನ ಸೇರಿ ಅಜೈಲ್‌ನ ಮ್ಯಾನಿಫೆಸ್ಟೊ, ಅಂದ್ರೆ ಅದರ ಘೋಷಣಾಪತ್ರ ಬರೆದ್ರಲ್ಲ, ಅದರ ಜೊತೆಗಿರೋ 12 ತತ್ವಗಳಲ್ಲೇ ಒಳ್ಳೇ ಡಿಸೈನ್ ಕಡೆ ಸದಾ ಗಮನ ಇರಬೇಕು, ಅದರಿಂದ ಚುರುಕುತನ ಹೆಚ್ಚುತ್ತೆ ಅನ್ನೋ ಅರ್ಥದ ಮಾತಿದೆ. 1992ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಅನ್ನೋ ಪ್ರೋಗ್ರಾಮರ್ ಕೋಡನ್ನ ಸಾಲಕ್ಕೆ ಹೋಲಿಸಿದಾಗಲೂ ಸಾಲನೇ ಮಾಡಬೇಡಿ ಅನ್ಲಿಲ್ಲ, ಬೇಗ ತೀರಿಸಿ, ಇಲ್ಲಾಂದ್ರೆ ಬಡ್ಡಿ ಏರುತ್ತೆ ಅಂದ್ರು. ಹಾಗಂತ ನಮ್ಮ ಕಾಲದ ತರ ತಿಂಗಳುಗಟ್ಟಲೆ ಕೂತು ದಪ್ಪ ಡಾಕ್ಯುಮೆಂಟ್ ಬರೆದ್ರೆ ಭಯ ಹೋಗುತ್ತೆ ಅಂತಲೂ ಅಲ್ಲ, ಬರೆದು ಮುಗಿಸೋಷ್ಟರಲ್ಲಿ ಕಸ್ಟಮರ್‌ಗೆ ಬೇಕಾದ್ದೇ ಬದಲಾಗಿರೋದು, ಎಷ್ಟು ಒಳ್ಳೆಯವರ ಶ್ರಮ ಹಾಗೇ ಕಪಾಟು ಸೇರ್ತು.

ನಾನು ಕೆಲಸ ಬಿಟ್ಟು ಕಾಲ ಆಯ್ತು, ನಿಮ್ಮ ಟೂಲ್‌ಗಳು ನನಗೆ ಗೊತ್ತಿಲ್ಲ, ಆದ್ರೂ ಹೇಳ್ತೀನಿ. ಎಲ್ಲದಕ್ಕೂ ಹೆದರಬೇಡ. ಸ್ಕ್ರೀನ್ ಸರಿ ಇಲ್ಲಾಂದ್ರೆ ಮುಂದಿನ ಸ್ಪ್ರಿಂಟಲ್ಲಿ ಬದಲಾಯಿಸ್ತೀರ. ಡೇಟಾ ಯಾವ ಆಕಾರದಲ್ಲಿ ಇಡ್ತೀರ, ಯಾವ ಡೇಟಾ ಯಾವ ಸರ್ವಿಸ್‌ಗೆ ಸೇರಿದ್ದು, ಹೊರಗಿನೋರು ಈಗಾಗಲೇ ಬಳಸ್ತಿರೋ ಎಪಿಐ (ಬೇರೆ ಪ್ರೋಗ್ರಾಂಗಳು ನಿಮ್ಮದರ ಜೊತೆ ಮಾತಾಡೋ ದಾರಿ), ಇಂಥವನ್ನ ಹಿಂದಕ್ಕೆ ತಗೊಳ್ಳೋದು ಕಷ್ಟ, ಅಲ್ಲಿ ಮಾತ್ರ ನಿಲ್ಲು, ಒಂದೆರಡು ದಿನ ಸ್ಪೈಕ್, ಅಂದ್ರೆ ಬರೀ ಪರೀಕ್ಷಿಸಿ ನೋಡೋ ಸಮಯ ಬೇಕು ಅಂತ ಬ್ಯಾಕ್‌ಲಾಗಲ್ಲೇ, ಮಾಡಬೇಕಾದ ಕೆಲಸದ ಪಟ್ಟೀಲೇ ಹಾಕಿಸು. ಆಮೇಲೆ, ಈ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್, ಡಿಸೈನ್ ತೀರ್ಮಾನದ ಟಿಪ್ಪಣಿ) ಅಂತಾರಲ್ಲ, 2011ರಲ್ಲಿ ಮೈಕೆಲ್ ನೈಗಾರ್ಡ್ ಅನ್ನೋ ಪ್ರೋಗ್ರಾಮರ್ ಅದರ ಬಗ್ಗೆ ಬರೆದಿದ್ದು, ಒಂದೆರಡು ಪುಟ ಅಷ್ಟೇ, ಪರಿಸ್ಥಿತಿ ಏನಿತ್ತು, ಏನು ತೀರ್ಮಾನ ಮಾಡಿದ್ವಿ, ಅದರಿಂದ ಏನಾಗುತ್ತೆ ಅಂತ ಬರೆದು ಕೋಡ್ ಜೊತೆಗೇ ಇಡೋದು. ಆ ಹಿರಿಯರು ಅಂಥದ್ದೊಂದು ಪುಟ ಇಟ್ಟಿದ್ರೆ ನಾವು ಅವರನ್ನ ಅಷ್ಟು ಬೈತಿರ್ಲಿಲ್ಲ ಅನ್ಸುತ್ತೆ ನನಗೆ.

ಎರಡು ಟೀಮು ಒಂದೇ ಡೇಟಾಬೇಸ್ ಟೇಬಲ್‌ಗೆ ಬರೀತಿದಾರೆ ಅಂದ್ಯಲ್ಲ, ನನಗೆ ನಿಜವಾಗ್ಲೂ ಆತಂಕ ಇರೋದು ಅದೊಂದೇ. ಅದು ಯಾರದ್ದು ಅಂತ ಮುಂದಿನ ಪ್ಲಾನಿಂಗ್ ಒಳಗೆ ಕೇಳಿಬಿಡು, ಯಾರಾದ್ರೂ ಮುಖ ಸಿಂಡರಿಸಿದ್ರೂ ಪರವಾಗಿಲ್ಲ, ಮೊದಲನೇ ಎಡಿಆರ್ ಅದರ ಮೇಲೇ ಬರಿ, ಕೇಳಿದ್ದಕ್ಕೆ ಅವರು ಏನಂದ್ರು ಅಂತ ನನಗೂ ತಿಳಿಸು.

ನಿನ್ನ ದೊಡ್ಡಮ್ಮ