ಸತೀವುಸ್, ಸತೀವ, ಸತೀವುಮ್: ಸಹನಾಗೊಂದು ಪತ್ರ

ಚಿ. ಸಹನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಗಿಡಮರಗಳ ಲ್ಯಾಟಿನ್ ಹೆಸರುಗಳನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಿದ್ದೀಯಂತೆ, ನಿಮ್ಮಪ್ಪ ಹೇಳಿದ. ಹಾಗೆ ಮಾಡಬೇಡ ಮಗಳೇ. ಒಂದು ಗುಣವಾಚಕವನ್ನು ಸರಿಯಾಗಿ ಹಿಡಿದರೆ ಎಷ್ಟೋ ಹೆಸರು ತಾವಾಗಿ ಬಿಡಿಸಿಕೊಳ್ಳುತ್ತವೆ.

ಸತೀವುಸ್ ತಗೋ. ನಿಮ್ಮ ಕಾಲೇಜಿನಲ್ಲಿ ಸಟೈವಸ್ ಅನ್ನಬಹುದು, ಅನ್ನಲಿ. ಲ್ಯಾಟಿನ್‌ನಲ್ಲಿ ಸೆರೆರೆ ಅಂದರೆ ಬಿತ್ತುವುದು, ಸತುಸ್ ಅಂದರೆ ಬಿತ್ತಿದ. ಅದಕ್ಕೆ ಪ್ರತ್ಯಯ ಸೇರಿ ಸತೀವುಸ್ ಆಯಿತು. ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ, ಮನುಷ್ಯ ಬೆಳೆಸಿದ್ದು ಅಂತ ಅರ್ಥ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಆಗಲೇ ಹೀಗೆ ವಿಂಗಡಿಸುತ್ತಿದ್ದ: ಕಾಡಿನದು ಸಿಲ್ವೆಸ್ತ್ರಿಸ್, ಬೆಳೆಸಿದ್ದು ಸತೀವುಸ್. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಭತ್ತ, ಕೇಸರಿ, ಬೆಳ್ಳುಳ್ಳಿಗೆಲ್ಲ ಇದನ್ನೇ ಹಚ್ಚಿದ. 'ಬಿತ್ತಿದ್ದು' ಅಂತ ಅಕ್ಷರಶಃ ಹಿಡಿದರೆ ಮಾತ್ರ ಎಡವುತ್ತೀಯ. ಕೇಸರಿ ಗಿಡ ಬೀಜವನ್ನೇ ಕಟ್ಟುವುದಿಲ್ಲ. ಕಾಶ್ಮೀರದ ಪಾಂಪೋರದಲ್ಲಿ ನೆಡುವುದು ಗೆಡ್ಡೆ.

ಈಗ ಪದದ ಕೊನೆಯ ವಿಚಾರ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ. ನಮ್ಮ 'ಒಳ್ಳೆಯ' ಯಾರಿಗೂ ಬದಲಾಗುವುದಿಲ್ಲ. ಲ್ಯಾಟಿನ್‌ನದು ಸಂಸ್ಕೃತದ ಜಾಯಮಾನ. ನಾಮಪದದ ಲಿಂಗ, ವಚನ, ವಿಭಕ್ತಿ ಮೂರಕ್ಕೂ ಗುಣವಾಚಕ ಹೊಂದಿಕೊಳ್ಳಬೇಕು. ಕ್ರೋಕುಸ್ ಪುಲ್ಲಿಂಗ, ಹಾಗಾಗಿ ಕೇಸರಿ ಕ್ರೋಕುಸ್ ಸತೀವುಸ್. ಒರಿಜ ಸ್ತ್ರೀಲಿಂಗ, ಭತ್ತ ಒರಿಜ ಸತೀವ. ಅಲ್ಲಿಯುಮ್ ನಪುಂಸಕ, ಬೆಳ್ಳುಳ್ಳಿ ಅಲ್ಲಿಯುಮ್ ಸತೀವುಮ್.

ಸುಮ್ನೆ ಪ್ರಾಸ ಕೂಡಿಸಿದರೆ ಆಯಿತಲ್ವಾ ಅಂದುಕೊಳ್ಳಬೇಡ. ನಮ್ಮ ಅರಳಿ ಮರ ಫೀಕುಸ್ ರೆಲಿಗಿಯೋಸ, ರೆಲಿಗಿಯೋಸುಸ್ ಅಲ್ಲ. ಫೀಕುಸ್ 'ಉಸ್' ಅಂತ ಮುಗಿದರೂ ಸ್ತ್ರೀಲಿಂಗ. ಲ್ಯಾಟಿನ್‌ನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗವೇ. ಅದಕ್ಕೇ ಮೊದಲ ಪದದ ಲಿಂಗವನ್ನು ನಿಘಂಟಿನಲ್ಲಿ ನೋಡು, ಆಮೇಲೆ ಎರಡನೆಯದನ್ನು ಬರಿ.

ವಿಭಕ್ತಿಗಳನ್ನೆಲ್ಲ ಕಲಿ ಅಂತ ನಾನು ಹಟ ಹಿಡಿಯುವುದಿಲ್ಲ. ಗಿಡದ ಹೆಸರಿಗೆ ಪ್ರಥಮಾ ಸಾಕು. ಷಷ್ಠಿಯೊಂದನ್ನು ಬಿಡಬೇಡ: ಪುಲ್ಲಿಂಗಕ್ಕೂ ನಪುಂಸಕಕ್ಕೂ ಸತೀವೀ, ಸ್ತ್ರೀಲಿಂಗಕ್ಕೆ ಸತೀವೈ. ವಿಶ್ವ ಆರೋಗ್ಯ ಸಂಸ್ಥೆಯ ಔಷಧಿ ಸಸ್ಯಗಳ ಪುಸ್ತಕದಲ್ಲಿ ಬೆಳ್ಳುಳ್ಳಿ ಗೆಡ್ಡೆಯ ಹೆಸರು 'ಬುಲ್ಬುಸ್ ಅಲ್ಲಿಯೀ ಸತೀವೀ'. ಷಷ್ಠಿ ಗೊತ್ತಿದ್ದರೆ ಅದು ಹೊಸ ಗಿಡವೇನೋ ಅಂತ ಗಾಬರಿಯಾಗುವುದಿಲ್ಲ.

ಬೆಂಡೆಕಾಯಿ ಅಬೆಲ್ಮೋಸ್ಕುಸ್ ಎಸ್ಕುಲೆಂತುಸ್, ಕೆಸು ಕೊಲೊಕಾಸಿಯ ಎಸ್ಕುಲೆಂತ. 'ತಿನ್ನಬಹುದಾದ' ಅಂತ ಅರ್ಥ. ಎರಡರ ಕೊನೆ ಯಾಕೆ ಬೇರೆ ಅಂತ ನೀನೇ ಬರೆದು ಕಳಿಸು. ಊರಿಗೆ ಬಂದಾಗ ಸೌತೆಕಾಯಿ, ಮೂಲಂಗಿ, ಕೊತ್ತಂಬರಿಯ ಹೆಸರೂ ಕೇಳುತ್ತೇನೆ. ಮೂರರಲ್ಲೂ ಸತೀವುಸ್ ಇದೆ, ಕೊನೆ ಮಾತ್ರ ನೀನು ಹೇಳಬೇಕು.

ಇಂತಿ,
ದೊಡ್ಡಪ್ಪ