ಮುಧೋಳವೋ ಬೀಗಲ್ಲೋ?

ಪುಣೆಯ ಕೋಥರೂಡಿನ ಕನ್ನಡ ಬಳಗದವರೇ, ಮನೆಯಲ್ಲಿ ಈ ಎರಡರಲ್ಲಿ ಯಾವ ನಾಯಿ ಸಾಕೋದು ಅಂತ ಕೇಳಿದವರಿಗೆಲ್ಲ ಒಟ್ಟಿಗೇ ಬರೆಯುತ್ತಿದ್ದೇನೆ. ಇಲ್ಲಿಯವರು ಕಾರವಾನ್ ಅನ್ನೋದು ನಮ್ಮ ಬಾಗಲಕೋಟೆ ಕಡೆಯ ಮುಧೋಳವನ್ನೇ. 2005ರಲ್ಲಿ ಅಂಚೆಚೀಟಿಯಲ್ಲೂ ಬಂದಿತ್ತು. ಇದು ಕಣ್ಣಿಂದ ಬೇಟೆಯಾಡುವ ನಾಯಿ. ಮನೆಯಲ್ಲಿ ಸುಮ್ನೆ ಮಲಗಿರುತ್ತದೆ. ಆದರೆ ದೂರದಲ್ಲೊಂದು ಬೆಕ್ಕಿನ ಬಾಲ ಅಲ್ಲಾಡಿದರೆ ಸಾಕು, ಹೊರಟಿತು! ಇಲ್ಲಿನ ವೇತಾಳ ಟೇಕಡಿ ಅನ್ನೋ ಗುಡ್ಡದಲ್ಲಿ ನಮ್ಮದು ಹೀಗೇ ಜಿಗಿದು, ಹಗ್ಗ ಉಜ್ಜಿ ನನ್ನ ಅಂಗೈ ಸುಲಿದಿತ್ತು. ದಿನಾ ಓಡಿಸಲೇಬೇಕು.

ಬೀಗಲ್ ಚಿಕ್ಕದು, ಎತ್ತರ ಸುಮಾರು 15 ಇಂಚು. ಮೂಸಿ ಬೇಟೆಯಾಡುವ ಜಾತಿ, ಹಾಗಾಗಿ ಚಕ್ಕುಲಿ ಡಬ್ಬಿ ಮೇಲಿಡಿ. ಮಕ್ಕಳಿಗೆ ಬೇಗ ಒಗ್ಗುತ್ತದೆ. ಒಂಟಿ ಬಿಟ್ಟರೆ ಮಾತ್ರ ಊಳಿಡುತ್ತದೆ, ಪಕ್ಕದ ಫ್ಲ್ಯಾಟಿನ ಕಾಕೂ ಬಾಗಿಲು ಬಡಿಯೋದು ಗ್ಯಾರಂಟಿ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಎರಡೂ ಬೇಡ ಅನ್ನುತ್ತೇನೆ. ಭಾನುವಾರ ಬೆಳಗ್ಗೆ 7ಕ್ಕೆ ಟೇಕಡಿಗೆ ಬನ್ನಿ, ನಮ್ಮದನ್ನು ಒಮ್ಮೆ ಹಿಡಿದು ನೋಡಿ.